43 ಇಂಚೋ 55 ಇಂಚೋ? ಧಾರವಾಡದ ಹಳೇ ಪಡಸಾಲಿಗೆ ಟಿವಿ ಆರಿಸೂದು

ಮಾಳಮಡ್ಡಿ ಮನಿ

ಎಲ್ಲಾರಿಗೂ ನಮಸ್ಕಾರ. ನಮ್ಮ ಮನ್ಯಾಗಿನ 32 ಇಂಚಿನ ಟಿವಿ ಕೈಕೊಟ್ಟದ. ಧ್ವನಿ ಬರ್ತದ, ಚಿತ್ರ ಬರೂದಿಲ್ಲ. ಭಾಳ ವರ್ಷದ್ದು, ಹೊಸಾದು ತಗೊಳ್ಳೂದ ಛಲೋ ಅಂತ ಎಲ್ಲಾರೂ ಅನ್ನಾಕ ಹತ್ಯಾರ.

ಮನಿ ಮಾಳಮಡ್ಡಿಯೊಳಗ. ಹಳೇ ಮನಿ, ಕಲ್ಲು-ಮಣ್ಣಿನ ದಪ್ಪ ಗ್ವಾಡಿ. ಪಡಸಾಲಿ 9 ಫೂಟು ಅಗಲ, 16 ಫೂಟು ಉದ್ದ. ಟಿವಿ ಇರೂದು ಪಶ್ಚಿಮದ ಉದ್ದನ್ನ ಗ್ವಾಡಿಗೆ. ಅದರ ಎದುರಿಗೆ, ಪೂರ್ವದಾಗ, ಎರಡು ದೊಡ್ಡ ಖಿಡಕಿ. ಮುಂಜಾನೆ ಬಿಸಲು ನೇರ ಒಳಗ ಬರ್ತದ. ನಾವೆಲ್ಲಾ ಆ ಖಿಡಕಿ ಕೆಳಗ ಜಮಖಾನಿ ಹಾಸಿ ಕೂಡ್ತೀವಿ. ಮಾವನವರ ಮಂಚ ಮೂಲ್ಯಾಗ ಅದ, ಅವರು ಅಲ್ಲಿಂದನ ನೋಡ್ತಾರ.

ನೋಡೂದು ಏನಂದ್ರ, ಅತ್ತಿಯವರು ಸೆಟ್ ಟಾಪ್ ಬಾಕ್ಸಿನಾಗ ಧಾರಾವಾಹಿ, ಎಚ್‌ಡಿ ಪ್ಯಾಕ್ ಹಾಕಿಸಿಲ್ಲ. ಮಾವನವರು ಯೂಟ್ಯೂಬಿನಾಗ ಹಳೇ ಹಿಂದೂಸ್ತಾನಿ ಮೈಫಿಲು. ಮಗಗ ಕ್ರಿಕೆಟ್. ನಮಗಿಬ್ಬರಿಗೆ ರಾತ್ರಿ ಒಂದು ಸಿನಿಮಾ. ರೊಕ್ಕ 40,000ದ ಒಳಗ ಆಗಬೇಕು.

ಹುಬ್ಬಳ್ಳ್ಯಾಗ ಒಂದು ಅಂಗಡಿಯವರು 55 ಇಂಚು 4ಕೆ ಒಯ್ಯಿರಿ, ಮುಂದ ಚಿಂತಿ ಇಲ್ಲ ಅಂದ್ರು. ಇನ್ನೊಬ್ಬರು 43 ಇಂಚಿನ ಕ್ಯೂಎಲ್‌ಇಡಿ ತೋರಿಸಿದ್ರು. ಮೈದುನ "ಸಾದಾ ಫುಲ್ ಎಚ್‌ಡಿ ಸಾಕು ವೈನಿ" ಅಂತಾನ. ತಿಳದವರು ಸ್ವಲ್ಪ ಬಿಡಿಸಿ ಹೇಳ್ರಿ.

ಗೋಕುಲ ರೋಡ್ ಹುಡುಗ

ಅಕ್ಕಾರ, 55 ತಗೊಳ್ರಿ. ಕ್ರಿಕೆಟ್ ನೋಡೂದಿದ್ರ ದೊಡ್ಡದ ಬೇಕು. ಈಗ 55 ಇಂಚಿಗೆ ತೆರಿಗಿನೂ ಇಳದೈತಿ.

ಕೊಪ್ಪೀಕರ ರೋಡಿನವ

ತೆರಿಗಿ ಮಾತು ಬಂತಲ್ಲ, ಅದನ್ನ ಬರೋಬ್ಬರಿ ಹೇಳತೀನಿ. ನಾನು ಟಿವಿ ಮಾರೋ ಅಂಗಡ್ಯಾಗ ಕೆಲಸ ಮಾಡಾವ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ ನೂರಕ್ಕ 18ಕ್ಕ ಇಳೀತು. 32 ಇಂಚು ಮತ್ತ ಅದಕ್ಕಿಂತ ಸಣ್ಣವು ಮೊದಲನ 18ರಾಗ ಇದ್ವು, ಅವಕ್ಕ ಏನೂ ಬದಲಾಗಿಲ್ಲ. ಅದಕ್ಕ ಯಾರಾದ್ರೂ "ಮೊದಲು ಇಷ್ಟಿತ್ತು, ನಿಮಗಂತ ಇಳಿಸೀವಿ" ಅಂದ್ರ, ಆ ಮೊದಲಿನ ದರ ಯಾವ ತೆರಿಗಿ ಕಾಲದ್ದು ಅಂತ ಕೇಳ್ರಿ. ತೆರಿಗಿ ಇಳದದ್ದು ಅಂಗಡಿಯವನ ರಿಯಾಯ್ತಿ ಅಲ್ಲ.

ಇನ್ನೊಂದು. ಪೆಟ್ಟಿಗಿ ಮ್ಯಾಲ ಸೆಂಟಿಮೀಟರಿನಾಗ ಬರದಿರ್ತಾರ. 80 ಅಂದ್ರ 32 ಇಂಚು, 108 ಅಂದ್ರ 43, 126ರ ಸುತ್ತ 50, 139ರ ಸುತ್ತ 55. ಮಾಡೆಲ್ ನಂಬರ್ ಪೂರ್ತಿ ಬರಕೊಳ್ರಿ, ಕಡೇ ಅಕ್ಷರದ ತನಕ. ಒಂದ ಕಂಪನಿ, ಒಂದ ಅಳತಿ, ಆದ್ರ ಕಡೇ ಎರಡು ಅಕ್ಷರ ಬ್ಯಾರೆ ಇದ್ರ ಒಳಗಿನ ಪ್ಯಾನೆಲ್ (ಚಿತ್ರ ಮೂಡೋ ಪರದಿ), ಮೆಮೊರಿ, ಪೋರ್ಟು ಎಲ್ಲಾ ಬ್ಯಾರೆ ಇರಬಹುದು. ಎರಡು ಅಂಗಡಿ ದರ ಹೋಲಿಸಬೇಕಂದ್ರ ಈ ನಂಬರ್ ಇಲ್ಲದ ಆಗೂದಿಲ್ಲ.

ಬೆಟಗೇರಿ ಮಾಸ್ತರ

ಗದಗಿನಿಂದ ಬರೆಯುತ್ತಿದ್ದೇನೆ, ಭೌತಶಾಸ್ತ್ರ ಪಾಠ ಮಾಡುವವನು. ಇಂಚಿನ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಪಡಸಾಲೆಯಲ್ಲೇ ಇದೆ. ಸ್ವಲ್ಪ ಲೆಕ್ಕ ಹಾಕೋಣ, ತಾಳ್ಮೆಯಿಂದ ಓದಿರಿ.

ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣ ಚುಕ್ಕೆಗಳು ಒಂದರೊಳಗೊಂದು ಬೆರೆತು ನುಣುಪಾಗಿ ಕಾಣುತ್ತವೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆ. ಹಂಚಿದರೆ ಒಂದು ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ಬಿಡಿಸಿ ನೋಡಬೇಕಾದರೆ 1.7 ಮೀಟರ್ ಹತ್ತಿರ, ಅಂದರೆ ಐದೂವರೆ ಫೂಟಿನಲ್ಲಿ ಕೂಡಬೇಕು. ನೀವು ಕೂಡುವುದು ಎಂಟು ಫೂಟಿನಲ್ಲಿ. ಹಾಗಾಗಿ 43 ಇಂಚಿನಲ್ಲಿ ಫುಲ್ ಎಚ್‌ಡಿ ಮತ್ತು 4ಕೆ ಪಕ್ಕಪಕ್ಕ ಇಟ್ಟರೂ ಚುಕ್ಕೆಯ ಮಟ್ಟದ ವ್ಯತ್ಯಾಸ ನಿಮ್ಮ ಜಮಖಾನೆಯಿಂದ ಕಾಣುವುದಿಲ್ಲ. ನಿಮ್ಮ ಮೈದುನ ಹೇಳಿದ್ದು ಆ ಅಳತೆಗೆ ಸರಿಯೇ. 4ಕೆಯಲ್ಲಿ 3840ಕ್ಕೆ 2160, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇವೆ ನಿಜ, ಆದರೆ ಕಣ್ಣಿಗೆ ತಲುಪದ ಚುಕ್ಕೆಗೆ ರೊಕ್ಕ ಕೊಟ್ಟು ಫಲವೇನು?

ಈಗ ಮುಖ್ಯ ಮಾತು. ನಿಮ್ಮ ಮನೆಗೆ ಹೆಚ್ಚು ಹೊತ್ತು ಬರುವ ಚಿತ್ರ ಎಚ್‌ಡಿಯೂ ಅಲ್ಲ. ಸಾದಾ ಪ್ಯಾಕಿನ ಚಾನೆಲ್ಲುಗಳಲ್ಲಿ ಎತ್ತರಕ್ಕೆ 576 ಗೆರೆ ಮಾತ್ರ. ಅದನ್ನು 32 ಇಂಚಿನ ಪರದೆಗೆ ಹರಡಿದರೆ ಒಂದು ಗೆರೆ ಸುಮಾರು 0.7 ಮಿ.ಮೀ, ಎಂಟು ಫೂಟಿನಿಂದ ಸರಿಯಾಗಿಯೇ ಕಾಣುತ್ತದೆ. 43 ಇಂಚಿಗೆ ಹರಡಿದರೆ 0.9 ಮಿ.ಮೀ ದಾಟುತ್ತದೆ, ಹತ್ತೂವರೆ ಫೂಟು ಹಿಂದೆ ಸರಿದರೆ ಮಾತ್ರ ನುಣುಪು. 55 ಇಂಚಿಗೆ ಹರಡಿದರೆ 1.2 ಮಿ.ಮೀ, ಹದಿಮೂರು ಫೂಟು ಬೇಕು. ದೊಡ್ಡ ಟಿವಿ ತಂದ ಮೊದಲ ವಾರ ಎಷ್ಟೋ ಮನೆಗಳಲ್ಲಿ "ಹಳೇದೇ ಚೊಲೋ ಕಾಣತಿತ್ತು" ಎನ್ನುವ ಮಾತು ಬರುವುದು ಈ ಕಾರಣಕ್ಕೆ. ಟಿವಿ ಕೆಟ್ಟದ್ದಿರುವುದಿಲ್ಲ. ಅದೇ ಕಡಿಮೆ ಗೆರೆಗಳನ್ನು ಹೆಚ್ಚು ಜಾಗಕ್ಕೆ ಎಳೆದಿರುತ್ತದೆ.

ಅದಕ್ಕೇ ನನ್ನ ಸಲಹೆ: ಅತ್ತೆಯವರ ಪ್ಯಾಕನ್ನು ಎಚ್‌ಡಿಗೆ ಬದಲಿಸುತ್ತೀರೋ ಇಲ್ಲವೋ, ಅದನ್ನು ಮೊದಲು ತೀರ್ಮಾನಿಸಿ. ಟಿವಿ ಅಳತೆ ಆಮೇಲೆ.

ಗೋಕುಲ ರೋಡ್ ಹುಡುಗ

ಸರ್, ಲೆಕ್ಕ ಖರೆ ಐತಿ. ಆದ್ರ ಚುಕ್ಕಿ ಕಾಣೂದು ಬ್ಯಾರೆ, ಕಣ್ತುಂಬ ಕಾಣೂದು ಬ್ಯಾರೆ. 43 ಇಂಚು ಎಂಟು ಫೂಟಿನ್ಯಾಗ ಸಣ್ಣದ ಅನಸ್ತೈತಿ.

ಬೆಟಗೇರಿ ಮಾಸ್ತರ

ಒಪ್ಪುತ್ತೇನೆ. ಸಿನಿಮಾ ಮತ್ತು ಟಿವಿ ತಂತ್ರಜ್ಞರ ಸಂಘ ಎಸ್‌ಎಂಪಿಟಿಇ ಹೇಳುವ ಅಳತೆಯಂತೆ ಪರದೆ ನೋಟದಲ್ಲಿ 30 ಡಿಗ್ರಿಯಷ್ಟಾದರೂ ತುಂಬಬೇಕು. ಎಂಟು ಫೂಟಿನಲ್ಲಿ 43 ಇಂಚು ತುಂಬುವುದು 22 ಡಿಗ್ರಿ, 55 ಇಂಚು 28 ಡಿಗ್ರಿ. ಸಿನಿಮಾ, ಕ್ರಿಕೆಟ್‌ಗೆ 55 ಇಂಚು ಅತಿಯಾಯಿತು ಎನ್ನುವಂತಿಲ್ಲ. ಎಚ್‌ಡಿ ಚಿತ್ರ ಬಂದರೆ ದೊಡ್ಡದು ಸರಿ, ಸಾದಾ ಚಿತ್ರವೇ ಬರುವುದಾದರೆ ಸಣ್ಣದು ಸರಿ. ಒಂದೇ ಮನೆಯಲ್ಲಿ ಎರಡೂ ಬೇಕಾದಾಗ ತೊಡಕು.

ಕೇಶ್ವಾಪುರ ರಿಪೇರಿ

ಅಕ್ಕಾರ, ಟಿವಿ ರಿಪೇರಿ ನನ್ನ ಕೆಲಸ. ನಿಮ್ಮ ಮೊದಲನೇ ಸಾಲು ಓದಿ ಬರೀಲಿಕ್ಕೆ ಕೂತೆ. ಧ್ವನಿ ಬರ್ತೈತಿ ಚಿತ್ರ ಇಲ್ಲ ಅಂದ್ರಿ. ರಾತ್ರಿ ದೀಪ ಎಲ್ಲಾ ಆರಿಸಿ, ಟಿವಿ ಚಾಲೂ ಮಾಡಿ, ಮೊಬೈಲಿನ ಟಾರ್ಚ್ ಪರದಿಗೆ ಹತ್ತಿರ ಹಿಡದು ಓರೆ ನೋಡ್ರಿ. ಒಳಗ ಮಸುಕಾಗಿ ಚಿತ್ರ ಕಂಡ್ರ ಪ್ಯಾನೆಲ್ ಛಲೋ ಐತಿ, ಹಿಂದಿನ ಬೆಳಕಿನ ಎಲ್‌ಇಡಿ ಪಟ್ಟಿ ಸುಟ್ಟೈತಿ ಅಂತ ಅರ್ಥ. ಅದನ್ನ ಬದಲಿ ಮಾಡಬಹುದು, ಹೊಸಾ ಟಿವಿ ರೊಕ್ಕದ ಮುಂದ ಭಾಳ ಸಣ್ಣ ಖರ್ಚು. ಪ್ಯಾನೆಲ್ ಹೋಗಿದ್ರ ಮಾತ್ರ ಕೈ ಬಿಡ್ರಿ, ಟಿವಿ ಬೆಲಿಯೊಳಗ ದೊಡ್ಡ ಪಾಲು ಪ್ಯಾನೆಲ್ಲಿಂದನ.

ಹಳೇ 32 ಬದುಕಿದ್ರ ಅದನ್ನ ನಿಮ್ಮ ಮಾವನವರ ಮಂಚದ ಹತ್ತಿರ ಇಡ್ರಿ. ಮಾಸ್ತರ ಹೇಳಿದ ಲೆಕ್ಕದ ಪ್ರಕಾರ ಸಾದಾ ಚಿತ್ರಕ್ಕ ಅದ ಛಲೋ.

ಈ ಪಟ್ಟಿ ಯಾಕ ಸುಡ್ತಾವ ಅನ್ನೂದೂ ಹೇಳತೀನಿ, ಹೊಸಾದಕ್ಕ ಉಪಯೋಗ ಆಗ್ತೈತಿ. ಬ್ಯಾಕ್‌ಲೈಟ್ ನೂರಕ್ಕ ಇಟ್ಟು, ದಿನಾ ತಾಸುಗಟ್ಟಲೆ ಓಡಿಸಿದ್ರ ಎಲ್‌ಇಡಿ ಕಾಯತಾವ, ಒಂದು ಹೋದ್ರ ಇಡೀ ಸಾಲು ಆರತೈತಿ. ಅಂಗಡ್ಯಾಗ ಹೆಂಗ ಹೊಳೀತಿತ್ತೋ ಹಂಗ ಮನ್ಯಾಗೂ ಇರಲಿ ಅಂತ ವಿವಿಡ್ ಮೋಡಿನ್ಯಾಗ ಬಿಟ್ಟಿರ್ತಾರ ಮಂದಿ. ಸಂಜಿ ಹೊತ್ತಿಗೆ ಅರವತ್ತು ಎಪ್ಪತ್ತಕ್ಕ ಇಳಿಸ್ರಿ. ಕಣ್ಣಿಗೂ ತಂಪು, ಟಿವಿನೂ ಬಾಳ್ತೈತಿ.

ಕೊಪ್ಪೀಕರ ರೋಡಿನವ

ಅಣ್ಣಾರು ಹೇಳಿದ್ದು ನೂರಕ್ಕ ನೂರು ಖರೆ. ಅಂಗಡ್ಯಾಗ ನಾವು ಓಡಸೂದು ಕಂಪನಿಯವರು ಕೊಟ್ಟ 4ಕೆ ಡೆಮೊ. ಹೂವು, ಸಮುದ್ರ, ಬಣ್ಣದ ಹಕ್ಕಿ. ಆ ಚಿತ್ರಕ್ಕ ಯಾವ ಟಿವಿನೂ ಕೆಟ್ಟ ಕಾಣೂದಿಲ್ಲ. ಮ್ಯಾಲ ಟಿವಿ ಸ್ಟೋರ್ ಮೋಡಿನ್ಯಾಗ ಇರ್ತೈತಿ, ಬೆಳಕು ಬಣ್ಣ ಎಲ್ಲಾ ತುದಿಗೆ ಏರಿಸಿರ್ತೈತಿ.

ಅಕ್ಕಾರ, ನೀವು ಬರೂ ಮುಂದ ಒಂದು ಪೆನ್ ಡ್ರೈವಿನ್ಯಾಗ ನಿಮ್ಮ ಮನಿ ಮಂದಿ ನೋಡೋ ವಿಡಿಯೋ ಹಾಕ್ಕೊಂಡು ಬರ್ರಿ. ಒಂದು ಕತ್ತಲಿ ದೃಶ್ಯ, ಒಂದು ಹಳೇ ವಿಡಿಯೋ, ನಿಮ್ಮ ಮಗನ ಆಟದ್ದು ಒಂದು. ಹೋಮ್ ಮೋಡಿಗೆ ಹಾಕ್ರಿ ಅಂತ ಕೇಳ್ರಿ. ಸಾಧ್ಯ ಇದ್ರ ಸೆಟ್ ಟಾಪ್ ಬಾಕ್ಸಿನ ಸಾದಾ ಚಾನೆಲ್ ಹಚ್ಚಸ್ರಿ. ಬ್ಯಾಡ ಅನ್ನೋ ಅಂಗಡಿಯಿಂದ ಮುಂದ ಹೋಗ್ರಿ. ನಾ ಅಂಗಡಿಯವನಾಗಿನ ಹೇಳತೀನಿ ಇದನ್ನ.

ಆಮ್ಯಾಲ ಪರದಿ ಮುಂದ ನೇರ ನಿಲ್ಲಬ್ಯಾಡ್ರಿ. ಬಾಜೂಕ ಸರೀರಿ, ನಿಮ್ಮ ಮಾವನವರ ಮಂಚದ ಕೋನದಾಗ ನಿಂತು ನೋಡ್ರಿ. ಪ್ಯಾನೆಲ್‌ನಾಗ ಎರಡು ಜಾತಿ. ವಿಎ ಪ್ಯಾನೆಲ್ ನೇರ ನೋಡಿದ್ರ ಕಪ್ಪು ಕಪ್ಪಾಗೇ ಕಾಣಸ್ತೈತಿ, ಓರೆ ಆದ್ರ ಬಣ್ಣ ಮಂಕಾಗ್ತೈತಿ. ಐಪಿಎಸ್ ಪ್ಯಾನೆಲ್ ಓರೆ ನೋಡಿದ್ರೂ ಬಣ್ಣ ಹಿಡದಿರ್ತೈತಿ, ಆದ್ರ ರಾತ್ರಿ ದೀಪ ಆರಿಸಿದ್ರ ಕಪ್ಪು ಬೂದಿ ಬಣ್ಣ. ನಿಮ್ಮ ಪಡಸಾಲ್ಯಾಗ ಐದು ಮಂದಿ ಉದ್ದಕ ಕೂಡೂದ್ರಿಂದ ನನ್ನ ಲೆಕ್ಕದಾಗ ಐಪಿಎಸ್ ಬೇಕು.

ಕ್ಯೂಎಲ್‌ಇಡಿ ಬಗ್ಗೆ ಕೇಳಿದ್ರಿ. ಅದೂ ಎಲ್‌ಸಿಡಿ ಟಿವಿನ, ಒಳಗ ಕ್ವಾಂಟಮ್ ಡಾಟ್ ಪದರು ಇರೂದ್ರಿಂದ ಕೆಂಪು ಹಸರು ಹೆಚ್ಚು ಶುದ್ಧ ಕಾಣಸ್ತಾವ. ಓಎಲ್‌ಇಡಿ ಹಂಗ ಪ್ರತಿ ಚುಕ್ಕಿ ತಾನ ಬೆಳಗೂದಿಲ್ಲ. ಈ ದರದಾಗ ಬರೋ ಟಿವಿಗಳ ಬೆಳಕು ಸಾಮಾನ್ಯವಾಗಿ 250ರಿಂದ 350 ನಿಟ್ಸ್ (ಹೊಳಪಿನ ಅಳತಿ) ಸುತ್ತ. ಅಷ್ಟರಾಗ ಎಚ್‌ಡಿಆರ್ (ಬೆಳಕು, ಕತ್ತಲಿ ಎರಡೂ ಎದ್ದು ಕಾಣಸೋ ಚಿತ್ರ) ಅಂತ ಪೆಟ್ಟಿಗಿ ಮ್ಯಾಲ ಏನ ಬರದಿದ್ರೂ ಖರೇ ಎಚ್‌ಡಿಆರ್ ಹೊಳಪು ಬರೂದಿಲ್ಲ. ಆ ಗುರುತಿಗೆ ಅಂತ ಹೆಚ್ಚು ರೊಕ್ಕ ಕೊಡಬ್ಯಾಡ್ರಿ.

ವಿದ್ಯಾಗಿರಿ ಎಂಜಿನಿಯರ್

ಎಲ್ಲಾರೂ ಟಿವಿ ಬಗ್ಗೆ ಮಾತಾಡಾಕತ್ತೀರಿ. ಗ್ವಾಡಿ ಬಗ್ಗೆ ಯಾರೂ ಕೇಳಲಿಲ್ಲ.

ಅಕ್ಕಾರ, ಪಶ್ಚಿಮದ ಗ್ವಾಡಿಗೆ ಟಿವಿ, ಎದುರಿಗೆ ಪೂರ್ವದ ಖಿಡಕಿ. ಮುಂಜಾನೆ ಆ ಎರಡೂ ಖಿಡಕಿ ಟಿವಿ ಪರದಿ ಮ್ಯಾಲ ಕನ್ನಡಿಯೊಳಗ ಕಂಡಂಗ ಕಾಣ್ತಾವ. 300 ನಿಟ್ಸಿನ ಯಾವ ಟಿವಿನೂ ಆ ಬಿಸಲಿಗೆ ಎದುರು ನಿಲ್ಲೂದಿಲ್ಲ. ದಪ್ಪನ್ನ ಪರದೆ ಬಟ್ಟಿ ಹಾಕಿ ಮನಿ ಕತ್ತಲ ಮಾಡಿಕೊಳ್ಳೂದೂ ಬ್ಯಾಡ. ದಕ್ಷಿಣದ ಸಣ್ಣ ಗ್ವಾಡಿ ಖಾಲಿ ಐತೇನು? ಟಿವಿ ಅಲ್ಲಿಗೆ ಒಯ್ಯಿರಿ. ಏನೇನು ಆಗ್ತೈತಿ ನೋಡ್ರಿ:

ಖಿಡಕಿ ಬೆಳಕು ಬಾಜೂದಿಂದ ಬರ್ತೈತಿ, ಪರದಿಗೆ ನೇರ ಬಡಿಯೂದಿಲ್ಲ. ಪಡಸಾಲಿ ಅಗಲ 9 ಫೂಟ ಇರೂದ್ರಿಂದ ಯಾರೂ ನಡುವಿನಿಂದ ನಾಲ್ಕೂವರೆ ಫೂಟಿಗಿಂತ ಬಾಜೂಕ ಹೋಗಾಕ ಆಗೂದಿಲ್ಲ. ಎಂಟು ಫೂಟು ದೂರದಾಗ ಅದು 30 ಡಿಗ್ರಿ ಒಳಗ. ಈಗಿನಂಗ ಮೂಲ್ಯಾಗಿಂದ 45 ಡಿಗ್ರಿ ಓರೆ ನೋಡೂದು ತಪ್ಪತೈತಿ. ಅಂದ್ರ ವಿಎ ಪ್ಯಾನೆಲ್ಲೂ ನಡೀತೈತಿ, ರಾತ್ರಿ ಸಿನಿಮಾಕ್ಕ ಅದ ಛಲೋ. ಉದ್ದ 16 ಫೂಟು ಇರೂದ್ರಿಂದ ಬೇಕಾದಾಗ ಹಿಂದ ಸರದು ಹನ್ನೆರಡು ಹದಿಮೂರು ಫೂಟಿಗೂ ಕೂಡಬಹುದು. ಧಾರಾವಾಹಿಗೆ ಹಿಂದ, ಸಿನಿಮಾಕ್ಕ ಮುಂದ.

ನೋಡೂ ಜಾಗ ಸರಿ ಮಾಡಿಕೊಂಡ್ರ ಅರ್ಧ ಟಿವಿ ಆರಿಸಿದಂಗ. ಅಳತಿ, ಪ್ಯಾನೆಲ್, ಹೊಳಪು ಈ ಮೂರೂ ಗ್ವಾಡಿ ಮ್ಯಾಲ ನಿಂತಾವ.

ಬೆಟಗೇರಿ ಮಾಸ್ತರ

ಇದು ಇಡೀ ಚರ್ಚೆಯನ್ನೇ ತಿರುಗಿಸಿದ ಮಾತು. ದಕ್ಷಿಣದ ಗೋಡೆ ಸಿಕ್ಕರೆ ನಾನು 50 ಅಥವಾ 55ಕ್ಕೆ ಒಪ್ಪುತ್ತೇನೆ, ಎಚ್‌ಡಿ ಪ್ಯಾಕ್ ಹಾಕಿಸುವ ಶರತ್ತಿನ ಮೇಲೆ.

ಆ ಪ್ಯಾಕಿನ ಬಗ್ಗೆ ಎರಡು ಮಾತು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದಂಥ ಚಾನೆಲ್‌ಗಳಿಗೆ ಎಚ್‌ಡಿ ಆವೃತ್ತಿ ಇದೆ. ಅತ್ತೆಯವರು ನಿಜವಾಗಿ ನೋಡುವ ಎರಡು ಮೂರು ಚಾನೆಲ್ ಮಾತ್ರ ಎಚ್‌ಡಿ ಮಾಡಿಸಿದರೆ ಸಾಕು, ಇಡೀ ಪ್ಯಾಕ್ ಬೇಡ. ಹಾಗೆಯೇ ಬಾಕ್ಸು ಎಚ್‌ಡಿಯದ್ದೇ ಆಗಿರಬೇಕು, ಟಿವಿಗೆ ಎಚ್‌ಡಿಎಂಐ ವೈರಿನಿಂದಲೇ ಜೋಡಿಸಿರಬೇಕು. ಹಳದಿ-ಬಿಳಿ-ಕೆಂಪು ಮೂರು ಪಿನ್ನಿನ ವೈರು ಹಾಕಿದರೆ ಎಚ್‌ಡಿ ಚಾನೆಲ್ಲೂ ಸಾದಾ ಆಗಿಯೇ ಬರುತ್ತದೆ. ಬಾಕ್ಸಿನ ಸೆಟ್ಟಿಂಗಿನಲ್ಲಿ 1080 ಇದೆಯೇ ಎಂದೂ ನೋಡಿಕೊಳ್ಳಿ.

ರಾಣೆಬೆನ್ನೂರು ಕಡೆಯವ

ಇಲ್ಲಿ ಎಲ್ಲಾರೂ 50, 55 ಅಂತ ಮಾತಾಡಾಕತ್ತೀರಿ. ನಮ್ಮ ಕಡೆ ಹಳ್ಳ್ಯಾಗ 32 ಇಂಚು ಎಚ್‌ಡಿ ರೆಡಿ, ಡಿಡಿ ಫ್ರೀ ಡಿಶ್. ತಿಂಗಳ ಬಾಡಗಿ ಇಲ್ಲ, ಚಂದನ ಬರ್ತೈತಿ, ಸುದ್ದಿ ಬರ್ತೈತಿ. ಅಷ್ಟಕ್ಕ ಅದರ ಅಡ್ಡಕಿನ 1366 ಚುಕ್ಕಿ ಸಾಕಾಗಿ ಉಳೀತೈತಿ. ಯಾರಿಗಾದ್ರೂ ಊರಾಗಿನ ಅಪ್ಪ ಅವ್ವಗ ಟಿವಿ ಕಳಸೂದಿದ್ರ ಹೆಚ್ಚಿಂದು ಬ್ಯಾಡ.

ನಾ ಹೇಳಬೇಕಾದ್ದು ಸರ್ವಿಸ್ ಬಗ್ಗೆ. ಹೋದ ವರ್ಷ ಆನ್‌ಲೈನ್ ತರಿಸಿದ ಟಿವಿ ಪೆಟ್ಟಿಗಿ ಬಿಚ್ಚಿದ್ರ ಪರದಿ ಒಡದಿತ್ತು. ತಂದಾವ ಪೆಟ್ಟಿಗಿ ಇಟ್ಟು ಹೋಗ್ಯಾನ. ಮಾರಿದವರು "ಒಡದದ್ದು ನಿಮ್ಮ ಕೈಯಾಗ" ಅಂದ್ರು. ಕಡೀಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ದೂರು ಕೊಟ್ಟ ಮ್ಯಾಲ ಬದಲಿ ಮಾಡಿದ್ರು. ಅದಕ್ಕ ತಂದವರ ಮುಂದ ಪೆಟ್ಟಿಗಿ ಬಿಚ್ಚಸ್ರಿ, ಮೊಬೈಲಿನ್ಯಾಗ ಪೂರ್ತಿ ವಿಡಿಯೋ ಹಿಡೀರಿ, ಪರದಿ ಹತ್ತಿದ ಮ್ಯಾಲ ಸಹಿ ಮಾಡ್ರಿ. ಸಾವಿರ ರೂಪಾಯಿ ಹೆಚ್ಚಾದ್ರೂ ನಾ ಈಗ ನಮ್ಮ ಪ್ಯಾಟಿ ಅಂಗಡ್ಯಾಗ ತಗೋತೀನಿ. ಕೆಟ್ಟಾಗ ಹೋಗಿ ಮುಂದ ನಿಂತು ಕೇಳಾಕ ಒಬ್ಬ ಮನಷ್ಯಾ ಇರ್ತಾನ.

ಗೋಕುಲ ರೋಡ್ ಹುಡುಗ

ಕಾಕಾ, ಅದು ಹಳ್ಳಿಗೆ ಖರೆ. ಹುಬ್ಬಳ್ಳಿ-ಧಾರವಾಡದಾಗ ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರ್ ಅದಾವ, ಇಲ್ಲಿ ಆನ್‌ಲೈನ್ ತಗೊಂಡ್ರೂ ನಡೀತೈತಿ.

ಕೇಶ್ವಾಪುರ ರಿಪೇರಿ

ತಮ್ಮಾ, ಸರ್ವಿಸ್ ಸೆಂಟರ್ ಇದ್ರ ಸಾಲೂದಿಲ್ಲ, ಬಿಡಿಭಾಗ ಸಿಗಬೇಕು. ಒಂದೆರಡು ವರ್ಷದಾಗ ಹೆಸರ ಅಳಿಸಿ ಹೋದ ಕಂಪನಿಗಳ ಟಿವಿ ನನ್ನ ಅಂಗಡ್ಯಾಗ ಸಾಲಾಗಿ ನಿಂತಾವ. ಬೋರ್ಡು ಸಿಗೂದಿಲ್ಲ, ರಿಮೋಟು ಸಿಗೂದಿಲ್ಲ. 55 ಇಂಚು ಅಗ್ಗ ಸಿಕ್ತು ಅಂತ ಗೊತ್ತಿಲ್ಲದ ಹೆಸರಿಗೆ ಹೋಗೂದಕ್ಕಿಂತ ಅದ ರೊಕ್ಕದಾಗ 50 ಅಥವಾ 43 ಗೊತ್ತಿದ್ದ ಕಂಪನಿದು ತಗೊಳ್ಳೂದು ನನ್ನ ಮನಸಿಗೆ ಸರಿ. ವಾರಂಟಿ ಕಾಗದದಾಗ ಪ್ಯಾನೆಲ್ಲಿಗೆ ಎಷ್ಟು ವರ್ಷ ಅಂತ ಬ್ಯಾರೆ ಬರದಿರ್ತೈತಿ, ಅದನ್ನ ಓದ್ರಿ. ಒಡದದ್ದು, ನೀರು ಹೋದದ್ದು ಯಾರ ವಾರಂಟಿಯೊಳಗೂ ಬರೂದಿಲ್ಲ.

ನೀರಿನ ಮಾತು ಬಂತಲ್ಲ. ಧೂಳು ಒರಸಾಕ ಪರದಿ ಮ್ಯಾಲ ನೀರು, ಕಾಚ ಒರಸೋ ದ್ರಾವಣ ಸಿಂಪಡಸಬ್ಯಾಡ್ರಿ. ಅದು ಇಳದು ಕೆಳಗಿನ ಅಂಚಿನ್ಯಾಗ ಹೋಗ್ತೈತಿ, ಅಲ್ಲಿ ಪ್ಯಾನೆಲ್ಲಿಗೆ ಅಂಟಿಸಿದ ತೆಳ್ಳನ್ನ ಪಟ್ಟಿ ಇರ್ತಾವ, ಅದರೊಳಗ ಚಿಪ್ ಇರ್ತಾವ. ಅವು ಹೋದ್ರ ಉದ್ದ ಗೆರಿ ಬೀಳ್ತಾವ, ರಿಪೇರಿ ಆಗೂದು ಭಾಳ ಕಷ್ಟ. ಮೆತ್ತನ್ನ ಒಣ ಬಟ್ಟಿ ಸಾಕು.

ಸಪ್ತಾಪುರ ಶ್ರೋತೃ

ತಂಗಿ, ನಿಮ್ಮ ಮಾವನವರ ಸಲುವಾಗಿ ನಾ ಬರೀಲಿಕತ್ತೇನಿ. ನಾನೂ ಅವರ ಓರಗಿಯವನ ಇರಬೇಕು, ನಾನೂ ಹಳೇ ಹಿಂದೂಸ್ತಾನಿ ಗಾಯನನ ಕೇಳೋದು.

ದೂರದರ್ಶನದ ಹಳೇ ವಿಡಿಯೋ ಟೇಪಿನೊಳಗಿನ ಗಾಯನ, ಈಗ ಪ್ರಸಾರ ಭಾರತಿಯವರು ಯೂಟ್ಯೂಬಿಗೆ ಹಾಕಿದ್ದು, ಎಲ್ಲಾ 576 ಗೆರಿದ. ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು 1992ರಾಗ. ಆ ಕಾಲದ ಟೇಪಿನಾಗ ಇಲ್ಲದ ಚುಕ್ಕಿ ಈಗಿನ ಟಿವಿ ಎಲ್ಲಿಂದ ತರಬೇಕು? ಆದ್ರ ಇದ್ದದ್ದನ್ನ ಕೆಡಿಸದಂಗ ನೋಡಬಹುದು. ಟಿವಿಯೊಳಗ ಶಾರ್ಪ್‌ನೆಸ್ ಕೆಳಗ ಇಳಸ್ರಿ. ಹರದ ಸೀರಿಗೆ ಇಸ್ತ್ರಿ ಹಾಕಿದ್ರ ಹರಕು ಹೋಗೂದಿಲ್ಲ, ಎದ್ದು ಕಾಣಸ್ತದ. ಹಂಗ ಶಾರ್ಪ್‌ನೆಸ್ ಏರಿಸಿದ್ರ ಮುಖದ ಸುತ್ತ ಬಿಳೀ ಗೆರಿ ಬರ್ತಾವ.

ಆ ಚಿತ್ರ ನಾಲ್ಕಕ್ಕ ಮೂರು ಪ್ರಮಾಣದ್ದು. ಎರಡೂ ಬಾಜೂಕ ಕಪ್ಪು ಪಟ್ಟಿ ಬರ್ತಾವ, ಬರಲಿ. ಪರದಿ ತುಂಬಲಿ ಅಂತ ಹಿಗ್ಗಿಸಿದ್ರ ಭೀಮಸೇನ ಜೋಶಿಯವರ ಮುಖ ಅಡ್ಡಕ ಹಿಗ್ಗತದ, ಝೂಮ್ ಮಾಡಿದ್ರ ತಾನಪುರಾದ ತುದಿ ಕತ್ತರಿಸಿ ಹೋಗ್ತದ. ನನಗಂತೂ ಅದನ್ನ ನೋಡಲಿಕ್ಕೆ ಆಗೂದಿಲ್ಲ.

ಚಿತ್ರಕ್ಕಿಂತ ದೊಡ್ಡ ಮಾತು ಧ್ವನಿ. ತೆಳ್ಳನ್ನ ಟಿವಿ ಒಳಗ ಸ್ಪೀಕರಿಗೆ ಜಾಗ ಇಲ್ಲ. ಅವು ಹಿಂದಕ್ಕ ಇಲ್ಲಾ ಕೆಳಕ್ಕ ಮುಖ ಮಾಡಿರ್ತಾವ, ಗ್ವಾಡಿಗೆ ಬಡದು ನಿಮ್ಮ ಕಡೆ ಬರ್ತದ ದನಿ. ತಬಲಾದ ಬಾಯಾ ಪೆಟ್ಟು, ತಾನಪುರಾದ ಖರ್ಜದ ತಂತಿ, ಈ ಎರಡೂ ತಗ್ಗಿನ ದನಿ ಆ ಸ್ಪೀಕರಿನಾಗ ಕೇಳಸೂದ ಇಲ್ಲ. ಗಂಗೂಬಾಯಿ ಹಾನಗಲ್ಲರ ದನಿಯ ಭಾರವೇ ಕೆಳಗಿನ ಸ್ವರದಾಗ ಅದ, ಅದನ್ನ ಕಳಕೊಂಡು ಏನು ಕೇಳೋದು? ಅದಕ್ಕ 40,000ದಾಗ ಐದಾರು ಸಾವಿರ ಧ್ವನಿಗೆ ತಗದಿಡ್ರಿ. ಟಿವಿ ಹಿಂದ ಎಆರ್‌ಸಿ ಅಂತ ಬರದ ಎಚ್‌ಡಿಎಂಐ ಕಿಂಡಿ ಇರ್ತದ, ಅದಕ್ಕ ಸೌಂಡ್‌ಬಾರ್ ಹಚ್ಚಿದ್ರ ಒಂದ ರಿಮೋಟಿನಿಂದ ನಡೀತದ. ಮನ್ಯಾಗ ಹಳೇ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಇದ್ರ ಅವನ್ನ ಒಗೀಬ್ಯಾಡ್ರಿ. ಟಿವಿ ಹೆಡ್‌ಫೋನ್ ಕಿಂಡಿಯಿಂದ ಒಂದು ವೈರು ಎಳದ್ರ ಸೌಂಡ್‌ಬಾರಿಗಿಂತ ಛಲೋ ಕೇಳಸ್ತದ.

55 ಇಂಚು ಆಸೆ ಬಿಟ್ಟು 50 ಇಂಚು ಜೊತಿಗೆ ಛಲೋ ಧ್ವನಿ ತಗೊಳ್ರಿ ಅನ್ನೋದು ನನ್ನ ಕಳಕಳಿಯ ಮಾತು.

ಮಾಳಮಡ್ಡಿ ಮನಿ

ಎಲ್ಲಾರ ಮಾತೂ ಮನ್ಯಾಗ ಓದಿ ಹೇಳೀನಿ. ಮಾವನವರು ಸಪ್ತಾಪುರದ ಅಣ್ಣಾವರ ಮಾತು ಎರಡು ಸಲ ಓದಿಸಿದ್ರು.

ಟಾರ್ಚ್ ಹಿಡದು ನೋಡಿದ್ವಿ ಅಣ್ಣಾರ, ಒಳಗ ಮಸುಕ ಚಿತ್ರ ಕಾಣಸ್ತದ. ಹಂಗಾರ ಹಳೇದು ರಿಪೇರಿಗೆ ಕೊಡತೀವಿ, ಅತ್ತಿಯವರ ಧಾರಾವಾಹಿಗೆ ಒಳಗಿನ ಖೋಲ್ಯಾಗ ಇಡತೀವಿ. ಎಚ್‌ಡಿ ಪ್ಯಾಕಿನ ಜಗ್ಗಾಟನೂ ಮುಗೀತು.

ದಕ್ಷಿಣದ ಗ್ವಾಡ್ಯಾಗ ಒಂದು ಗೂಡು ಅದ, ಒಂದು ಹಳೇ ಕಪಾಟು ಅದ. ಕಪಾಟು ಸರಿಸಬಹುದು. ಆದ್ರ ಮಣ್ಣಿನ ಗ್ವಾಡಿ, ಮೊಳಿ ಬಡದ್ರ ಮಣ್ಣು ಉದರತದ. ಟಿವಿ ತೂಗು ಹಾಕಲಿಕ್ಕೆ ಆಗ್ತದೇನು? ಮತ್ತ ಕರೆಂಟ್ ಎಷ್ಟು ಎಳೀತದ? ನಮಗ ಗೃಹಜ್ಯೋತಿ ಅದ, ಮಿತಿ ದಾಟಬಾರದು. ಇಂಟರ್ನೆಟ್ ಡಬ್ಬಿ ಹೊರಗಿನ ಖೋಲ್ಯಾಗ ಅದ, ಪಡಸಾಲ್ಯಾಗ ವೈಫೈ ಸರಿ ಬರೂದಿಲ್ಲ.

ವಿದ್ಯಾಗಿರಿ ಎಂಜಿನಿಯರ್

ಮಣ್ಣಿನ ಗ್ವಾಡಿಗೆ ತೂಗು ಹಾಕಬ್ಯಾಡ್ರಿ. ಸ್ಟ್ಯಾಂಡಿನ ಮ್ಯಾಲ ಇಡ್ರಿ, ಅದ ಛಲೋ. ಮಂದಿ ಟಿವಿನ ದೇವರ ಫೋಟೋ ಎತ್ತರಕ್ಕ ಹಾಕಿ ಕುತ್ತಿಗಿ ನೋಯಿಸಿಕೋತಾರ. ಪರದಿ ನಡುಭಾಗ ಕಣ್ಣಿನ ಎತ್ತರಕ್ಕ ಇರಬೇಕು. ಜಮಖಾನಿ ಮ್ಯಾಲ ಕೂತವರ ಕಣ್ಣು ನೆಲದಿಂದ ಎರಡೂವರೆ ಫೂಟು, ಮಂಚದ ಮ್ಯಾಲ ಕೂತವರದ್ದು ಮೂರುವರೆ ಹತ್ತಿರ. 50 ಇಂಚಿನ ಪರದಿ ಎತ್ತರ 62 ಸೆಂ.ಮೀ, ಅಂದ್ರ ಎರಡು ಫೂಟು. ಒಂದೂವರೆಯಿಂದ ಎರಡು ಫೂಟಿನ ಟೇಬಲ್ ಮಾಡಿಸಿದ್ರ ಇಬ್ಬರಿಗೂ ಸರಿ ಹೋಗ್ತೈತಿ. ಈಗಿನ ಟಿವಿಗಳ ಕಾಲು ಎರಡೂ ತುದಿಗೆ ಇರ್ತಾವ, ಅದಕ್ಕ ಟೇಬಲ್ ಅಗಲ ನಾಲ್ಕು ಫೂಟಿಗೆ ಕಡಿಮಿ ಬ್ಯಾಡ. ಸಣ್ಣ ಹುಡುಗರು ಬರೋ ಮನಿ ಆದ್ರ ಹಿಂದಿನಿಂದ ಒಂದು ಪಟ್ಟಿ ಕಟ್ಟಿ ಟೇಬಲ್ಲಿಗೆ ಬಿಗೀರಿ, ಮುಂದಕ ಬೀಳಬಾರದು.

ವೈಫೈ ಆ ದಪ್ಪ ಗ್ವಾಡಿ ದಾಟೂದು ಕಷ್ಟ. ಇಂಟರ್ನೆಟ್ ಡಬ್ಬಿಯಿಂದ ಟಿವಿಗೆ ಒಂದು ಲ್ಯಾನ್ ವೈರು ಎಳಸ್ರಿ. ಟಿವಿ ಒಳಗಿನ ಲ್ಯಾನ್ ಕಿಂಡಿ ಹೆಚ್ಚಾಗಿ 100 ಎಂಬಿಪಿಎಸ್‌ದ್ದು ಇರ್ತೈತಿ, ಸಾಕು. ನೆಟ್‌ಫ್ಲಿಕ್ಸಿನವರು 4ಕೆಗೆ ಕೇಳೂದು 15, ಫುಲ್ ಎಚ್‌ಡಿಗೆ 5. ಮತ್ತ ನೆಟ್‌ಫ್ಲಿಕ್ಸಿನ್ಯಾಗ 4ಕೆ ಬೇಕಂದ್ರ ಪ್ರೀಮಿಯಂ ಚಂದಾ ಬೇಕು, ಕಡಿಮಿ ಚಂದಾದಾಗ 4ಕೆ ಟಿವಿ ಇದ್ರೂ 4ಕೆ ಬರೂದಿಲ್ಲ.

ಬೆಟಗೇರಿ ಮಾಸ್ತರ

ಕರೆಂಟಿನ ಲೆಕ್ಕ ಸರಳ. 50 ಇಂಚಿನದ್ದು ಮಧ್ಯಮ ಬೆಳಕಿನಲ್ಲಿ ಸುಮಾರು 100 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ ಐದು ತಾಸು ನೋಡಿದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ನಿಖರ ಅಂಕಿ ಟಿವಿಯ ಮೇಲಿನ ನಕ್ಷತ್ರದ ಚೀಟಿಯಲ್ಲಿ ಇರುತ್ತದೆ, ಖರೀದಿಗೆ ಮುಂಚೆ ಓದಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ, ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಮ್ಮ ಮಿತಿ ನಿಂತಿದೆ. ಹೆಸ್ಕಾಂ ಬಿಲ್ಲಿನಲ್ಲಿ ಅದನ್ನು ನೋಡಿ, ಈಗ ಎಷ್ಟು ಅಂತರ ಉಳಿದಿದೆ ಎಂದು ತಿಳಿದುಕೊಳ್ಳಿ. ಎರಡು ಟಿವಿ ಒಟ್ಟಿಗೆ ಓಡುವ ಮನೆಯಲ್ಲಿ ಇದು ಮುಖ್ಯ.

ಗೋಕುಲ ರೋಡ್ ಹುಡುಗ

ನಿಮ್ಮ ಮಗನ ಸಲುವಾಗಿ ಒಂದು. ಮೋಷನ್ ಸ್ಮೂದಿಂಗ್ (ನಡುನಡುವ ಚಿತ್ರ ಸೇರಿಸಿ ಓಟ ನುಣುಪು ಮಾಡೋ ಸೆಟ್ಟಿಂಗ್) ಅನ್ನೂದು ಸಿನಿಮಾಕ್ಕ ಬಂದ್ ಮಾಡ್ರಿ, ಇಲ್ಲಾಂದ್ರ ಸಿನಿಮಾ ಧಾರಾವಾಹಿ ಹಂಗ ಕಾಣಸ್ತೈತಿ. ಈ ದರದಾಗ 60 ಹರ್ಟ್ಸ್, ಅಂದ್ರ ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋ ಪ್ಯಾನೆಲ್ಲ ಸಿಗೂದು, ಕ್ರಿಕೆಟ್ಟಿಗೆ ಅದು ಸಾಕು. ಪೆಟ್ಟಿಗಿ ಮ್ಯಾಲ ಇನ್ನೂರು ಮುನ್ನೂರು ಅಂತ ಬರದ್ರೆ ಅದು ಪ್ಯಾನೆಲ್ಲಿನ ಅಂಕಿ ಅಲ್ಲ.

ಮಾಳಮಡ್ಡಿ ಮನಿ

ಪೆನ್ ಡ್ರೈವ್ ಒಯ್ದು ನೋಡಿ ಬಂದ್ವಿ. ಎರಡು 50 ಇಂಚು ಬಾಜೂಬಾಜೂಕ ಹಚ್ಚಿಸಿದ್ವಿ, ಹೋಮ್ ಮೋಡಿಗೆ ಹಾಕ್ಸಿ. ಡೆಮೊದಾಗ ಎರಡೂ ಒಂದ ಕಾಣತಿದ್ವು. ಕತ್ತಲಿ ದೃಶ್ಯ ಹಾಕಿದ ಕೂಡಲೆ ವ್ಯತ್ಯಾಸ ಕಾಣಸ್ತು, ಒಂದರೊಳಗ ಮೂಲಿ ಮೂಲಿಗೆ ಬಿಳೀ ಬೆಳಕು ಸೋರತಿತ್ತು. ಇನ್ನೊಂದು ವಿಎ, ನೇರ ನೋಡಿದ್ರ ಭಾಳ ಛಲೋ. ನಮ್ಮ ದಕ್ಷಿಣದ ಗ್ವಾಡಿ ಕೋನದಾಗ ನಿಂತು ನೋಡಿದ್ವಿ, ಬಣ್ಣ ಹಿಡದಿತ್ತು. ಅದನ್ನ ನಿಶ್ಚಯ ಮಾಡೀವಿ, ಉಳದ ರೊಕ್ಕದಾಗ ಸೌಂಡ್‌ಬಾರು.

ಒಂದ ಪ್ರಶ್ನೆ ಉಳದದ. ಅಡ್ಡಮಳಿ ಕಾಲದಾಗ ನಮ್ಮ ಓಣ್ಯಾಗ ಸಿಡಲಿಗೆ ಟಿವಿ ಸುಟ್ಟದ್ದು ಕೇಳೀನಿ. ಸ್ಟೆಬಿಲೈಜರ್ ಬೇಕೇನು?

ಕೇಶ್ವಾಪುರ ರಿಪೇರಿ

ಸ್ಟೆಬಿಲೈಜರ್ ಹೆಚ್ಚಾಗಿ ಬೇಕಾಗೂದಿಲ್ಲ ಅಕ್ಕಾರ. ಈಗಿನ ಟಿವಿಗಳು 100ರಿಂದ 240 ವೋಲ್ಟ್ ತನಕ ತಾವ ಹೊಂದಿಸಿಕೋತಾವ, ಹಿಂದಿನ ಚೀಟಿ ಮ್ಯಾಲ ಬರದಿರ್ತೈತಿ. ಸುಡೂದು ಕರೆಂಟ್ ಹೋಗಿ ತಿರುಗಿ ಬರೋ ಹೊತ್ತಿನ ಹೊಡತಕ್ಕ, ಮತ್ತ ಸಿಡಲಿಗೆ. ಏಪ್ರಿಲ್, ಮೇ ತಿಂಗಳದಾಗ ನನ್ನ ಅಂಗಡಿಗೆ ಬರೋ ಟಿವಿಯೊಳಗ ಭಾಳಷ್ಟು ಇವ.

ಗುಡುಗು ಸುರು ಆದ್ರ ಸ್ವಿಚ್ ಆರಿಸಿದ್ರ ಸಾಲೂದಿಲ್ಲ, ಪ್ಲಗ್ ಕೀಳ್ರಿ. ಡಿಶ್ ಕೇಬಲ್ಲೂ ಬಾಕ್ಸಿನಿಂದ ಬಿಚ್ಚಿರಿ. ಮಾಳಗಿ ಮ್ಯಾಲಿನ ಛತ್ರಿಯಿಂದ ಆ ಕೇಬಲ್ ಹಿಡದು ಬಂದ ಹೊಡತ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮ್ಯಾಲ ಹಾದು ಟಿವಿ ಮದರ್‌ಬೋರ್ಡಿಗೆ ಬಡೀತೈತಿ. ಲ್ಯಾನ್ ವೈರು ಎಳಸಿದ್ರ ಅದನ್ನೂ ತಗೀರಿ.

ಕರೆಂಟಿನ ಹೊಡತ ತಡಿಯೋ ಸ್ಪೈಕ್ ಗಾರ್ಡ್ ಒಂದು ಒಳ್ಳೇದು ಹಾಕ್ರಿ. ಆದ್ರ ಹಳೇ ಮನಿಯೊಳಗ ಮೂರು ತೂತಿನ ಸಾಕೆಟ್ ಇದ್ರೂ ಮೂರನೇ ತೂತಿಗೆ ಅರ್ಥಿಂಗ್ ವೈರ ಇರೂದಿಲ್ಲ ಎಷ್ಟೋ ಕಡೆ. ಅರ್ಥಿಂಗ್ ಇಲ್ಲಂದ್ರ ಸ್ಪೈಕ್ ಗಾರ್ಡಿನ ಅರ್ಧ ಕೆಲಸ ನಡಿಯೂದಿಲ್ಲ. ದಕ್ಷಿಣದ ಗ್ವಾಡಿಗೆ ಹೆಂಗೂ ಹೊಸಾ ಪಾಯಿಂಟ್ ಎಳಸಬೇಕಲ್ಲ, ಅದ ವೈರಮನ್‌ಗೆ ಹೇಳಿ ಅರ್ಥಿಂಗ್ ಪರೀಕ್ಷಾ ಮಾಡಸ್ರಿ. ಆ ಕೆಲಸ ಮುಗಿದ ಮ್ಯಾಲ ಅಂಗಡಿಯವರಿಗೆ ಟಿವಿ ಕಳಸ್ರಿ ಅಂತ ಹೇಳ್ರಿ.